ವಾಹನಗಳಿಗೆ ಮಣೆ ಹಾಕುವ ಮಾರಕ್ಕ

ಬೆಳಗಿನ ಜಾವ. ಹಲಸೂರಿನ ಒಳಗಿನಿಂದ ಬಂದು ಹಳೇ ಮದ್ರಾಸ್ ರಸ್ತೆಗೆ ಸೇರುವ ಅಡ್ಡರಸ್ತೆಯೊಂದರ ಬಾಯಲ್ಲಿ, ನಡುರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಹೆಂಗಸೊಬ್ಬರು ಗೆರೆ ಎಳೆಯುತ್ತಿದ್ದಾರೆ. ಬಲಗೈ ಬೆರಳ ಸಂದಿಯಿಂದ ಬಿಳಿ ಪುಡಿ ಸಣ್ಣಗೆ ಇಳಿಯುತ್ತಿದೆ. ಎಡಗೈಯಲ್ಲಿ ಅಳತೆಯ ದಾರ. ಹಾಲಿನ ಬೂತಿಗೆ ಹೊರಟ ಅಜ್ಜಿಯೊಬ್ಬರು ನಿಂತು ನೋಡುತ್ತಾರೆ. ಅವರಿಗೆ ಸಮಾಧಾನವಿಲ್ಲ.

“ಚುಕ್ಕಿ ಇಡೋದೇ ಮರ್ತಿದೀಯಲ್ಲಮ್ಮ,” ಎನ್ನುತ್ತಾರೆ.

“ಇದಕ್ಕೆ ಚುಕ್ಕಿ ಇಲ್ಲ ಕಣಜ್ಜಿ, ವೈರು,” ಎನ್ನುತ್ತಾರೆ ಗೆರೆ ಎಳೆಯುತ್ತಿರುವ ಮಾರಕ್ಕ. ತಲೆ ಎತ್ತುವುದಿಲ್ಲ, ಕೈ ನಿಲ್ಲಿಸುವುದೂ ಇಲ್ಲ.

ಗೆರೆ ಮುಗಿದಾಗ ರಸ್ತೆಯ ಮೇಲೆ ಒಂದು ಚೌಕ ಮೂಡಿರುತ್ತದೆ. ಉದ್ದಗಲ ಒಂದೊಂದು ಆಳಿನಷ್ಟು, ನಾಲ್ಕೂ ಮೂಲೆ ಓರೆಯಾಗಿ ಕತ್ತರಿಸಿದ ಹಾಗೆ. ಆಮೇಲೆ ಅಹ್ಮದ್ ಪಾಷಾ ತಮ್ಮ ಕಟಿಂಗ್ ಯಂತ್ರ ತಳ್ಳಿಕೊಂಡು ಬಂದು ಆ ಗೆರೆಯ ಮೇಲೆಯೇ ಡಾಂಬರು ಕೊಯ್ಯುತ್ತಾರೆ. ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು ಓಡುತ್ತವೆ, ಮಹಡಿ ಮನೆಯ ಕಿಟಕಿಯಿಂದ ಒಬ್ಬರು ಇಂಗ್ಲಿಷಿನಲ್ಲೂ ಇನ್ನೊಬ್ಬರು ತಮಿಳಿನಲ್ಲೂ ಬೈಯುತ್ತಾರೆ. ಪಾಷಾಗೆ ಎರಡೂ ಕೇಳಿಸದು, ಕಿವಿಗೆ ಹತ್ತಿ ತುರುಕಿಕೊಂಡಿದ್ದಾರೆ. ಮಾರಕ್ಕನಿಗೆ ಎರಡೂ ಕೇಳಿಸುತ್ತದೆ, ಎರಡೂ ಅರ್ಥವಾಗುತ್ತದೆ. ತಲೆ ಕೆಡಿಸಿಕೊಳ್ಳಲು ಅವರಿಗೆ ಪುರುಸೊತ್ತಿಲ್ಲ.

ಈ ಊರಲ್ಲಿ ಸಿಗ್ನಲ್ಲಿಗೆ ಕಾದು ಕಾದು ಅರ್ಧ ಆಯುಸ್ಸು ಕಳೆದವರಲ್ಲಿ ನಾನೂ ಒಬ್ಬ. ಕೆಂಪು ದೀಪ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎದುರಿನ ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ, ಆದರೂ ನಾವು ನಿಂತೇ ಇರಬೇಕು. ಈ ಪೆದ್ದುತನಕ್ಕೆ ಒಂದು ಮದ್ದು ಬಂದಿದೆ ಎಂದು ಯಾರೋ ಹೇಳಿದ್ದಕ್ಕೆ ಬೆನ್ಸನ್ ಟೌನಿನ ನನ್ನ ಮನೆಯಿಂದ ಕತ್ತಲಲ್ಲೇ ಎದ್ದು ಬಂದಿದ್ದೇನೆ. ಮದ್ದು ಎಂದರೆ ಇದೇ, ರಸ್ತೆಯೊಳಗೆ ಹೂತಿಡುವ ವೈರಿನ ಸುತ್ತು. ಎಂಜಿನಿಯರುಗಳು ಇದನ್ನು ಲೂಪ್ ಅನ್ನುತ್ತಾರೆ. ವೈರಿನಲ್ಲಿ ಸಣ್ಣ ಕರೆಂಟು ಸದಾ ಹರಿಯುತ್ತಿರುತ್ತದೆ. ಮೇಲೆ ಕಬ್ಬಿಣದ ವಾಹನ ಬಂದು ನಿಂತರೆ ಆ ಕರೆಂಟಿನ ಲಯ ಕೆಡುತ್ತದೆ. ಫುಟ್‌ಪಾತಿನ ಮೇಲಿನ ಪೆಟ್ಟಿಗೆಗೆ ಅದು ತಿಳಿದು, ಅದರೊಳಗಿನ ಪುಟ್ಟ ಕೆಂಪು ಬಲ್ಬು ಹೊತ್ತಿ ಆರುತ್ತದೆ. ಅಡ್ಡರಸ್ತೆಯಲ್ಲಿ ಗಾಡಿ ಬಂದು ನಿಂತಿದೆ ಎಂದು ಬಲ್ಬು ಹೇಳಿದರೆ ಮಾತ್ರ ಸಿಗ್ನಲ್ ಆ ಕಡೆಗೆ ಹಸಿರು ಕೊಡುತ್ತದೆ. ಯಾರೂ ಇಲ್ಲದಿದ್ದರೆ ದೊಡ್ಡ ರಸ್ತೆಯವರು ಸುಮ್ಮನೆ ನಿಲ್ಲಬೇಕಾಗಿಲ್ಲ.

ಮಾರಕ್ಕ ಇದನ್ನು ಲೂಪ್ ಅನ್ನುವುದಿಲ್ಲ. ಮಣೆ ಅನ್ನುತ್ತಾರೆ. “ಮೂಲೆ ಮುರಿದ ಮಣೆ ಥರಾನೇ ಇದೆಯಲ್ಲ ನೋಡಿ. ಗಾಡಿ ಬಂತು ಅಂದ್ರೆ ಕೂತ್ಕೊಳ್ಳಕ್ಕೆ ಮಣೆ. ನಾವು ದಿನಾ ಎದ್ದು ಗಾಡಿಗಳಿಗೆ ಮಣೆ ಹಾಕೋದು,” ಎಂದು ನಗುತ್ತಾರೆ. ಅವರ ಗ್ಯಾಂಗಿನಲ್ಲಿ ಈಗ ಎಲ್ಲರೂ ಮಣೆ ಅನ್ನುತ್ತಾರೆ. ಎಂಜಿನಿಯರ್ ವಿರೂಪಾಕ್ಷ ಕೂಡ ಮೇಲಧಿಕಾರಿಗಳ ಮುಂದೆ ಒಂದೆರಡು ಸಲ ಬಾಯಿ ತಪ್ಪಿ ಮಣೆ ಅಂದು ನಾಲಿಗೆ ಕಚ್ಚಿಕೊಂಡಿದ್ದಾರಂತೆ.

ಯಂತ್ರ ಕೊಯ್ದ ಸೀಳನ್ನು ಮಾರಕ್ಕ ಗಾಳಿ ಬಿಟ್ಟು ಒಣಗಿಸಿ ಚೊಕ್ಕ ಮಾಡುತ್ತಾರೆ. ಒಂದು ಕಲ್ಲಿನ ಹರಳು ಒಳಗೆ ಉಳಿದರೂ ನಾಳೆ ಲಾರಿಯ ಭಾರಕ್ಕೆ ಅದು ವೈರಿನ ತೊಗಲು ಹರಿಯುತ್ತದೆ. ಆಮೇಲೆ ವೈರನ್ನು ಸುತ್ತು ಸುತ್ತಾಗಿ ಸೀಳಿನೊಳಕ್ಕೆ ಇಳಿಸಿ ಮರದ ಪಟ್ಟಿಯಿಂದ ಒತ್ತುತ್ತಾರೆ. ಮೇಲೆ ಬಿಸಿ ಡಾಂಬರು. ಅದು ಟೈರಿಗೆ ಅಂಟಬಾರದೆಂದು ಅದರ ಮೇಲೆ ಮತ್ತೆ ಬಿಳಿ ಕಲ್ಲುಪುಡಿ. ಒಂದು ಜಾಗದಲ್ಲಿ ಎರಡು ನಿಮಿಷ ಕೂರುವ ಹೆಂಗಸಲ್ಲ ಇವರು. ಡಾಂಬರು ಕಾಯುವಷ್ಟು ಹೊತ್ತು ಕೂಡ ಅತ್ತ ಹೋಗಿ ಗಾಡಿ ತಡೆಯಲು ಇಟ್ಟ ಕೋನು ಸರಿಪಡಿಸಿ, ಇತ್ತ ಬಂದು ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ಮುಚ್ಚುತ್ತಾರೆ.

ಕೊನೆಯದಾಗಿ ಸೊಂಟದ ಚೀಲದಿಂದ ಎರಡು ನಿಂಬೆಹಣ್ಣು ತೆಗೆಯುತ್ತಾರೆ. ಕೊಯ್ದು, ಕುಂಕುಮ ಹಚ್ಚಿ, ಮಣೆಯ ನಾಲ್ಕು ಮೂಲೆಗೆ ಒಂದೊಂದು ಹೋಳು ಇಡುತ್ತಾರೆ. ಹಿಂದಿರುಗಿ ನೋಡದೆ ಫುಟ್‌ಪಾತಿಗೆ ಬರುತ್ತಾರೆ. ಪಾಷಾ ಟೋಪಿ ತೆಗೆದು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾರೆ.

*

ಮಾರಕ್ಕನಿಗೆ ಈಗ ನಲವತ್ತಾರೋ ನಲವತ್ತೇಳೋ. ಕೃಷ್ಣರಾಜಪುರದ ಆಚೆ, ಒಂದು ಕಾಲಕ್ಕೆ ದಂಟಿನ ಸೊಪ್ಪು, ಕೊತ್ತಂಬರಿ ಬೆಳೆಯುತ್ತಿದ್ದ ಮನೆತನ. ಈಗ ಆ ತೋಟದ ಜಾಗದಲ್ಲಿ ಅಣ್ಣ ಮುನಿಶಾಮಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದಾರೆ. ಒಂದು ಮನೆಯ ಬಾಡಿಗೆ ನೀನು ತಗೋ, ರಸ್ತೆ ಕೆಲಸ ಬಿಟ್ಟು ಮನೆಯಲ್ಲಿ ಕೂರು ಎಂದು ಹೇಳಿ ಹೇಳಿ ಅಣ್ಣನಿಗೆ ಸಾಕಾಗಿದೆ. ಅಣ್ಣ ಕೆಟ್ಟವರಲ್ಲ. ತಂಗಿ ನಡುರಸ್ತೆಯಲ್ಲಿ ಕೂತಿರುವುದನ್ನು ಬಸ್ಸಿನಲ್ಲಿ ಹೋಗುವ ನೆಂಟರು ನೋಡುತ್ತಾರಲ್ಲ ಎಂಬುದು ಅವರ ಸಂಕಟ.

“ಕೂತ್ರೆ ನಂಗೆ ಕಾಲು ನೋಯ್ತವೆ ಸಾರ್,” ಎನ್ನುತ್ತಾರೆ ಮಾರಕ್ಕ. “ಒಂದ್ಸಲ ಹಬ್ಬಕ್ಕೆ ಅಂತ ನಾಲ್ಕು ದಿನ ಅಣ್ಣನ ಮನೇಲಿ ಕೂತಿದ್ದೆ. ಅತ್ತಿಗೆ ಟಿವಿ ಹಾಕಿದ್ರೆ ನಾನು ಅಂಗಳ ಗುಡಿಸ್ತೀನಿ. ಗುಡಿಸಿದ್ದನ್ನೇ ಗುಡಿಸ್ತೀನಿ. ಅತ್ತಿಗೆನೇ ಹೇಳಿದ್ಳು, ನೀನು ಕೆಲಸಕ್ಕೇ ಹೋಗಮ್ಮ ಅಂತ.”

ತೊಂಬತ್ತರ ದಶಕದಲ್ಲಿ ಟೆಲಿಫೋನ್ ಕೇಬಲ್ಲಿಗೆ ಗುಂಡಿ ತೋಡುವ ಗ್ಯಾಂಗಿನಲ್ಲಿ ಗಂಡನ ಜೊತೆ ಮಣ್ಣು ಹೊರಲು ಬಂದವರು ಇವರು. ಗಂಡ ಕಾಮಾಲೆಯಾಗಿ ತೀರಿಕೊಂಡರು, ಇವರು ಗ್ಯಾಂಗಿನಲ್ಲೇ ಉಳಿದರು. ಇಂದಿರಾನಗರದ ಅಷ್ಟೂ ಅಡ್ಡರಸ್ತೆಗಳನ್ನು ಅಗೆದಿದ್ದೇನೆ ಎಂದು ಹೇಳುವಾಗ ದನಿಯಲ್ಲಿ ಹೆಮ್ಮೆಯಿಲ್ಲ, ಬೆನ್ನು ಹಿಡಿದುಕೊಳ್ಳುತ್ತಾರೆ. ಬೆನ್ನುಮೂಳೆ ಸವೆದಿದೆ, ಇನ್ನು ಗುದ್ದಲಿ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದ ವರ್ಷವೇ ಈ ವೈರಿನ ಕೆಲಸ ಬಂತು. ಮೂರು ವರ್ಷದಿಂದ ಅವರ ಗ್ಯಾಂಗು ದೊಡ್ಡ ರಸ್ತೆಗಳಲ್ಲಿ ಮಣೆ ಹಾಕಿದೆ. ಈ ಹಲಸೂರಿನದು ಅಡ್ಡರಸ್ತೆಯಲ್ಲಿ ಹಾಕುತ್ತಿರುವ ಮೊದಲನೆಯದು.

ಇವತ್ತು ಚಡಪಡಿಕೆ ಇರುವುದು ಅದಕ್ಕೇ. ಹತ್ತು ಗಂಟೆಗೆ ಸಿಗ್ನಲ್ ಗುತ್ತಿಗೆ ಹಿಡಿದ ಕಂಪನಿಯ ದೊಡ್ಡವರು ಬರುತ್ತಾರೆ. ಬಲ್ಬು ಹೊತ್ತಿದರೆ ಪೂರ್ವ ಭಾಗದ ಅಡ್ಡರಸ್ತೆಗಳ ಕೆಲಸವೆಲ್ಲ ಈ ಗ್ಯಾಂಗಿಗೆ. ಹೊತ್ತದಿದ್ದರೆ ಬೇರೆಯವರಿಗೆ. ಆಗ ಇವರೆಲ್ಲ ಮತ್ತೆ ಚರಂಡಿ ಕೆಲಸಕ್ಕೆ ಹೋಗಬೇಕು, ಮಾರಕ್ಕ ಮತ್ತೆ ಗುದ್ದಲಿ ಹಿಡಿಯಬೇಕು. ಇಲ್ಲವೆಂದರೆ ಅಣ್ಣನ ಮನೆಯ ಅಂಗಳ ಗುಡಿಸಬೇಕು.

ನಿಂಬೆಹಣ್ಣಿನ ವಿಷಯ ನಾನು ಕೇಳಿದೆ, ಕೇಳದೆ ಇರಲಾಗಲಿಲ್ಲ. ಉತ್ತರ ಹೇಳಿದ್ದು ಪಾಷಾ.

ಪಾಷಾರ ಹೆಂಡತಿ ಶಂಶುನ್ನೀಸಾ ಇದೇ ಗ್ಯಾಂಗಿನಲ್ಲಿದ್ದರು. ಕೆಂಪು ಬಾವುಟ ಹಿಡಿದು ವಾಹನಗಳನ್ನು ಪಕ್ಕಕ್ಕೆ ಸರಿಸುವುದು ಅವರ ಕೆಲಸ. ಎರಡು ವರ್ಷದ ಹಿಂದೆ ಹೀಗೇ ಒಂದು ಬೆಳಿಗ್ಗೆ ತರಕಾರಿ ವ್ಯಾನೊಂದು ಕೋನುಗಳನ್ನು ಹಾರಿಸಿಕೊಂಡು ಬಂದು ಅವರ ಎಡಗಾಲಿನ ಮೇಲೆ ಹಾದುಹೋಯಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಈಗ ಶಿವಾಜಿನಗರದ ಮನೆಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾರೆ.

“ಆಸ್ಪತ್ರೇಲಿ ಕಣ್ಣು ಬಿಟ್ಟ ತಕ್ಷಣ ಮಾರಕ್ಕನ ಕೈ ಹಿಡ್ಕೊಂಡು ಹೇಳಿದ್ಳು ಸಾಬ್, ಅಕ್ಕ, ಇನ್ಮೇಲಿಂದ ನಿಂಬೆಹಣ್ಣು ಇಡ್ರಿ, ನಂಗ್ ಬಂದಿದ್ದು ಇನ್ನೊಬ್ರಿಗೆ ಬರೋದ್ ಬೇಡ ಅಂತ,” ಎನ್ನುತ್ತಾರೆ ಪಾಷಾ. “ಅವತ್ತಿಂದ ಇಡ್ತಾರೆ. ಅವತ್ತಿಂದ ಯಾರಿಗೂ ಏನೂ ಆಗಿಲ್ಲ.”

ಅವತ್ತಿನಿಂದ ಕಂಪನಿ ಹೆಚ್ಚು ಕೋನು ಕೊಟ್ಟಿದೆ, ಮಿಂಚುವ ಕೋಟು ಕೊಟ್ಟಿದೆ. ಅದನ್ನೂ ಹೇಳಬೇಕು. ಆದರೆ ಪಾಷಾರ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

*

ಎಂಟು ಗಂಟೆಗೆ ಕೋನು ತೆಗೆಯುತ್ತಾರೆ. ವಿರೂಪಾಕ್ಷ ಪೆಟ್ಟಿಗೆಯ ಬಾಗಿಲು ತೆಗೆದು ಸ್ವಿಚ್ಚು ಹಾಕುತ್ತಾರೆ. ಹಾವೇರಿ ಕಡೆಯ ಹುಡುಗ, ಇನ್ನೂ ಮೂವತ್ತಾಗಿಲ್ಲ, ಬೆಂಗಳೂರಿಗೆ ಬಂದು ಆರು ವರ್ಷವಾದರೂ ಮಾತು ಬದಲಾಗಿಲ್ಲ. ಪೆಟ್ಟಿಗೆಯ ಮುಂದೆ ನಾವೆಲ್ಲ ಗುಂಪಾಗಿ ನಿಲ್ಲುತ್ತೇವೆ. ಅಡ್ಡರಸ್ತೆಯಿಂದ ಒಂದು ಸ್ಕೂಟರ್ ಬರುತ್ತದೆ. ಬಲ್ಬು ಹೊತ್ತುವುದಿಲ್ಲ. ಆಟೋ ಬರುತ್ತದೆ, ಬಿಳಿ ಮಾರುತಿ ಬರುತ್ತದೆ. ಬಲ್ಬು ಹೊತ್ತುವುದಿಲ್ಲ.

ಯಾರೂ ಇಲ್ಲ ಎಂದುಕೊಂಡ ಸಿಗ್ನಲ್ ಅಡ್ಡರಸ್ತೆಗೆ ಹಸಿರು ಕೊಡುವುದೇ ಇಲ್ಲ. ಒಂದರ ಹಿಂದೆ ಒಂದು ಗಾಡಿ ನಿಂತು ಸಾಲು ದೇವಸ್ಥಾನದ ತಿರುವಿನವರೆಗೆ ಬೆಳೆಯುತ್ತದೆ. ಹಾರನ್ ಶುರುವಾಗುತ್ತದೆ. ಸ್ಕೂಲ್ ಆಟೋದಲ್ಲಿ ಕೂತ ಮಕ್ಕಳು ಅದಕ್ಕೆ ತಾಳ ಹಾಕುತ್ತವೆ. ಟ್ರಾಫಿಕ್ ಕಾನ್‌ಸ್ಟೇಬಲ್ ಬಂದು, “ಏನ್ರೀ ಇದು, ಮೊದಲೇ ಚೆನ್ನಾಗಿತ್ತಲ್ರೀ,” ಎಂದು ಗೊಣಗಿ, ಸೀಟಿ ಊದಿ ಕೈಯಿಂದಲೇ ಗಾಡಿಗಳನ್ನು ಬಿಡುತ್ತಾರೆ. ಅವು ಖಾಲಿಯಾಗುವಷ್ಟರಲ್ಲಿ ಮತ್ತೊಂದು ಸಾಲು.

ವಿರೂಪಾಕ್ಷ ಮೀಟರ್ ಹಿಡಿದು ವೈರಿನ ತುದಿ ಮುಟ್ಟಿಸಿ ನೋಡುತ್ತಾರೆ, ಫುಟ್‌ಪಾತಿಗೂ ರಸ್ತೆಗೂ ನಾಲ್ಕು ಸಲ ಓಡಾಡುತ್ತಾರೆ. “ವೈರ್ ಸರಿ ಐತಿ, ಪೆಟ್ಟಿಗಿನೂ ಸರಿ ಐತಿ. ಮತ್ಯಾಕ ಹತ್ತವಲ್ದು? ಒಳಗ ಎಲ್ಲೋ ತೊಗಲು ಹರಿದೈತೇನ ಮಾರಕ್ಕ?”

“ಇಲ್ಲ ಸಾರ್, ಹರಳಿಲ್ದಂಗೆ ತೆಗ್ದಿದೀನಿ,” ಎನ್ನುತ್ತಾರೆ ಮಾರಕ್ಕ. ಆದರೆ ಧೈರ್ಯ ಸಾಲದು. ಸ್ವಲ್ಪ ಹೊತ್ತು ಬಿಟ್ಟು ತಾವೇ, “ಒಂದಿದ್ರೂ ಇರ್ಬೋದೇನೋ,” ಎನ್ನುತ್ತಾರೆ.

ವಿರೂಪಾಕ್ಷ ಗಡಿಯಾರ ನೋಡುತ್ತಾರೆ. ಕಿತ್ತು ಹೊಸದಾಗಿ ಹಾಕಲು ಹೊತ್ತಿಲ್ಲ. ಫೋನು ತೆಗೆದು ಕಂಪನಿಯವರಿಗೆ ಹೇಳಿಬಿಡಲೇ ಎಂದು ಯೋಚಿಸಿ ಮತ್ತೆ ಜೇಬಿಗೆ ಹಾಕುತ್ತಾರೆ. ಮಾರಕ್ಕ ಪೆಟ್ಟಿಗೆಯಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಪೆಟ್ಟಿಗೆಗೆ ಅಲೆಯುತ್ತಾರೆ. ಪರಿಚಯವಾಗಿ ಇನ್ನೂ ಅರ್ಧ ದಿನವಾಗಿಲ್ಲ, ಈ ಹೆಂಗಸು ಮತ್ತೆ ಗುದ್ದಲಿ ಹಿಡಿಯಬಾರದು ಎಂದು ನನ್ನ ಮನಸ್ಸು ಹಟ ಹಿಡಿದು ಕೂತಿದೆ.

ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ. ಸಾಲಿನ ಮುಂದೆ ನಿಂತಿದ್ದ ಆಟೋದವನ ಮೇಲೆ ಹರಿಹಾಯುತ್ತೇನೆ. ಆತ ತನ್ನ ಜಾಗ ಬಿಟ್ಟು ಎದುರು ಬರುವವರ ಪಾಲಿನ ರಸ್ತೆಗೆ ಅರ್ಧ ಆಟೋ ನುಗ್ಗಿಸಿ ಓರೆಯಾಗಿ ನಿಂತಿದ್ದಾನೆ.

“ಏನ್ ಗುರು, ಅಷ್ಟು ಜಾಗ ಖಾಲಿ ಬಿಟ್ಟು ಅಲ್ಲಿ ಹೋಗಿ ನಿಂತಿದೀಯ?”

ಆತ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡುತ್ತಾನೆ. “ಏನ್ ಸಾರ್ ನೀವು. ಮೂರು ದಾರಿ ಕೂಡೋ ಜಾಗ. ಬೆಳಗ್ಗೆ ಬೆಳಗ್ಗೆ ಯಾರೋ ಮಂಡಲ ಬರ್ದು, ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ ಇಟ್ಟು ಹೋಗಿದಾರೆ. ಅದ್ರ ಮೇಲೆ ಗಾಡಿ ಬಿಡ್ಲಾ? ಮನೇಲಿ ಎರಡು ಸಣ್ಣ ಮಕ್ಕಳಿದಾವೆ ಸಾರ್.”

ಅಷ್ಟೂ ಹೊತ್ತು ನಾವೆಲ್ಲ ಪೆಟ್ಟಿಗೆಯನ್ನೇ ನೋಡುತ್ತಿದ್ದೆವು. ಒಬ್ಬರೂ ರಸ್ತೆ ನೋಡಿರಲಿಲ್ಲ. ಈಗ ನೋಡುತ್ತೇವೆ. ಸ್ಕೂಟರ್ ಬರುತ್ತದೆ, ಮಣೆಯ ಹತ್ತಿರ ಬಂದು ಬಲಕ್ಕೆ ಬಳುಕಿ ಹೋಗಿ ನಿಲ್ಲುತ್ತದೆ. ಕಾರು ಬರುತ್ತದೆ, ಒಳಗಿನ ಹೆಂಗಸು ಕೈ ತೋರಿಸುತ್ತಾರೆ, ಕಾರೂ ಬಲಕ್ಕೆ ಸರಿಯುತ್ತದೆ. ಕಲ್ಲುಪುಡಿಯ ಬಿಳಿ ಚೌಕದ ಮೇಲೆ ಒಂದು ಟೈರಿನ ಗುರುತೂ ಇಲ್ಲ. ದೊಡ್ಡ ರಸ್ತೆಗಳಲ್ಲಿ ಕೆಲಸ ಮುಗಿದ ಕೂಡಲೇ ಬಸ್ಸು, ಲಾರಿ ಕಣ್ಣು ಮುಚ್ಚಿ ನುಗ್ಗಿ ನಿಂಬೆಹಣ್ಣನ್ನು ಅರೆದು ಹಾಕುತ್ತಿದ್ದವು. ಈ ರಸ್ತೆಗೆ ಬಸ್ಸು ಬರುವುದಿಲ್ಲ, ಅದು ಯಾರಿಗೂ ಹೊಳೆದಿರಲಿಲ್ಲ.

“ನೀವೂ ಸುತ್ತು ಹಾಕ್ಕೊಂಡೇ ಓಡಾಡಿದ್ರಲ್ಲ ಸಾರ್,” ಎನ್ನುತ್ತಾರೆ ಮಾರಕ್ಕ, ವಿರೂಪಾಕ್ಷರಿಗೆ.

“ಹೌದಲ್ಲ. ನಮ್ಮವ್ವ ಸಣ್ಣಾಂವ ಇದ್ದಾಗಿಂದ ಹೇಳ್ಯಾಳ, ತುಳೀಬ್ಯಾಡ ಅಂತ. ಕಾಲು ತಾನ ತಿರುಗಿಬಿಡ್ತದ,” ಎಂದು ವಿರೂಪಾಕ್ಷ ತಲೆ ಕೆರೆದುಕೊಳ್ಳುತ್ತಾರೆ. ಎಲ್ಲರಿಗೂ ನಗು ಬರುತ್ತದೆ. ಆದರೆ ನಗು ಬೇಗ ನಿಲ್ಲುತ್ತದೆ, ಒಂಬತ್ತೂವರೆ ಆಗುತ್ತಿದೆ.

ತೆಗೆದುಬಿಡಿ ಎಂದು ನಾನು ಸುಲಭವಾಗಿ ಹೇಳುತ್ತೇನೆ. ಪಾಷಾ ಬೆಚ್ಚುತ್ತಾರೆ. ಇಟ್ಟ ನಿಂಬೆಹಣ್ಣನ್ನು ಕೈಯಿಂದ ಎತ್ತುವುದು ತುಳಿಯುವುದಕ್ಕಿಂತ ಕೆಟ್ಟದ್ದು. ಅದರಲ್ಲೂ ಇಟ್ಟವರು ಹಿಂದಿರುಗಿ ನೋಡಲೇಬಾರದು. ಒಂದು ಗಾಡಿ ಹಾದರೆ ಸಾಕು, ಹಿಂದಿನವರು ಅದರ ಹಿಂದೆಯೇ ಬರುತ್ತಾರೆ ಎನ್ನುತ್ತಾರೆ ವಿರೂಪಾಕ್ಷ. ಆ ಒಂದು ಗಾಡಿ ಯಾರದು? ಕಾನ್‌ಸ್ಟೇಬಲ್ಲಿನ ಬೈಕು ಅಲ್ಲೇ ಇದೆ, ಅವರು ಕೇಳಿಸದವರಂತೆ ಸೀಟಿ ಊದುತ್ತ ದೂರ ಹೋಗುತ್ತಾರೆ. ವಿರೂಪಾಕ್ಷರ ಮದುವೆ ಮುಂದಿನ ತಿಂಗಳು. ಗ್ಯಾಂಗಿನ ಟೆಂಪೋ ಓಡಿಸುವವರು ಪಾಷಾ. ಎಲ್ಲರೂ ಪಾಷಾರ ಕಡೆ ನೋಡುತ್ತಾರೆ.

“ನಂಗ್ ಹೇಳ್ಬೇಡಿ ಸಾಬ್,” ಎನ್ನುತ್ತಾರೆ ಪಾಷಾ. ದನಿ ಮೆಲ್ಲಗಿದೆ. “ಕೆಲಸ ಹೋದ್ರೆ ಹೋಗ್ಲಿ. ನಮ್ಮನೇಲಿ ಒಂದು ಕಾಲು ಹೋಗಿದೆ. ಇನ್ನೂ ಕೇಳಿದ್ರೆ ನಾನ್ ಕೊಡಲ್ಲ.”

ಹಾರನ್ ಕೂಗುತ್ತಲೇ ಇದೆ.

ಮಾರಕ್ಕ ಒಂದು ಕ್ಷಣ ನಿಲ್ಲುತ್ತಾರೆ. ಬೆಳಿಗ್ಗೆಯಿಂದ ಅವರು ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಕಾಲಿನ ಚಪ್ಪಲಿ ಬಿಟ್ಟು, ಫುಟ್‌ಪಾತಿನ ಪಕ್ಕ ನಿಲ್ಲಿಸಿದ್ದ ಕಟಿಂಗ್ ಯಂತ್ರದ ಹಿಡಿ ಹಿಡಿದು ತಳ್ಳತೊಡಗುತ್ತಾರೆ. ಒಬ್ಬರೇ ತಳ್ಳುವ ಯಂತ್ರವಲ್ಲ ಅದು, ಪೂರ್ತಿ ಕಬ್ಬಿಣ. “ಅಕ್ಕ, ಬೇಡ,” ಎಂದು ಪಾಷಾ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾರೆ. ಮಾರಕ್ಕ ತಿರುಗಿ ನೋಡುವುದಿಲ್ಲ. ಯಂತ್ರದ ಗಾಲಿ ಒಂದು ಹೋಳನ್ನು ಹಿಸುಕುತ್ತದೆ. ಎರಡನೆಯದು ಅವರ ಬರಿಗಾಲಿನ ಅಡಿಗೆ ಬರುತ್ತದೆ. ಅವರು ಕಾಲು ಆಚೆ ಇಡಬಹುದಿತ್ತು, ಇಡುವುದಿಲ್ಲ. ನೋಡಿಕೊಂಡೇ ತುಳಿಯುತ್ತಾರೆ. ಯಂತ್ರವನ್ನು ಮಣೆಯ ನಡುವೆ ನಿಲ್ಲಿಸಿ ಉಸಿರು ಬಿಡುತ್ತಾರೆ.

“ಹತ್ತಿತು! ಹತ್ತಿತು ಮಾರಕ್ಕ!” ಎಂದು ಪೆಟ್ಟಿಗೆಯ ಹತ್ತಿರದಿಂದ ವಿರೂಪಾಕ್ಷ ಕೂಗುತ್ತಾರೆ.

ಸಿಗ್ನಲ್ ಮನಸ್ಸು ಬದಲಿಸಿ ಅಡ್ಡರಸ್ತೆಗೆ ಹಸಿರು ಕೊಡುತ್ತದೆ. ಮಾರಕ್ಕ ಯಂತ್ರವನ್ನು ಪಕ್ಕಕ್ಕೆ ಎಳೆಯುತ್ತಾರೆ. ಹಿಂದಿದ್ದ ಸ್ಕೂಟರಿನವರು ಒಮ್ಮೆ ಅನುಮಾನಿಸಿ, ಅವರ ಕಾಲಿನ ಗುರುತಿನ ಮೇಲೆಯೇ ಹೋಗುತ್ತಾರೆ. ಅವರ ಹಿಂದೆ ಒಂದು ಗೂಡ್ಸ್ ಆಟೋ, ಅದರ ಹಿಂದೆ ಕಾರು. ಹತ್ತು ನಿಮಿಷದಲ್ಲಿ ಅಲ್ಲಿ ನಿಂಬೆಹಣ್ಣು ಇತ್ತೆಂಬುದಕ್ಕೆ ವಾಸನೆಯೊಂದೇ ಸಾಕ್ಷಿ. ಬಲ್ಬು ಹೊತ್ತುತ್ತದೆ, ಆರುತ್ತದೆ, ಹೊತ್ತುತ್ತದೆ.

ಹತ್ತೂಕಾಲಿಗೆ ಕಂಪನಿಯ ದೊಡ್ಡವರು ಕಾರಿನಲ್ಲಿ ಬರುತ್ತಾರೆ. ಬಲ್ಬು ನೋಡುತ್ತಾರೆ, ಮೊಬೈಲಿನಲ್ಲಿ ಯಾರಿಗೋ ವರ್ಕಿಂಗ್, ವರ್ಕಿಂಗ್ ಎನ್ನುತ್ತಾರೆ, ವಿರೂಪಾಕ್ಷರ ಬೆನ್ನು ತಟ್ಟಿ ಹೊರಡುತ್ತಾರೆ. ಅವರ ಕಾರು ಕೂಡ ಮಣೆಯ ಮೇಲೆಯೇ ಹೋಗುತ್ತದೆ. ಮಾರಕ್ಕನ ಕಡೆ ಅವರು ನೋಡಲಿಲ್ಲ. ನನಗೆ ಸಿಟ್ಟು ಬಂತು, ಮಾರಕ್ಕನಿಗೆ ಬರಲಿಲ್ಲ.

“ನಾಳೆ ಕೆ.ಆರ್. ಪುರ, ಸಂತೆ ಹತ್ರದ ಅಡ್ಡರಸ್ತಿ. ಐದಕ್ಕ ಬರ್ರಿ,” ಎನ್ನುತ್ತಾರೆ ವಿರೂಪಾಕ್ಷ. ಕೆಲಸ ಉಳಿಯಿತು ಎಂಬುದನ್ನು ಅವರು ಹೇಳಿದ್ದು ಅಷ್ಟರಲ್ಲೇ.

ಮಾರಕ್ಕ ಡ್ರಮ್ಮಿನ ನೀರಿನಲ್ಲಿ ಕಾಲು ತೊಳೆಯುತ್ತಿದ್ದಾರೆ. ಅಂಗಾಲಿನ ಕುಂಕುಮ ಬೇಗ ಬಿಡುತ್ತಿಲ್ಲ. ಪಾಷಾ ಚೊಂಬಿನಲ್ಲಿ ನೀರು ಹಾಕುತ್ತಿದ್ದಾರೆ.

“ಶಂಶುಗೆ ಹೇಳ್ಬೇಡ,” ಎನ್ನುತ್ತಾರೆ ಮಾರಕ್ಕ.

“ಹೇಳಲ್ಲ ಅಕ್ಕ.”

ನಾಳೆ ನಿಂಬೆಹಣ್ಣು ತರುತ್ತೀರಾ ಎಂದು ಕೇಳುತ್ತೇನೆ. “ತರ್ತೀನಿ. ತರ್ದೆ ಇದ್ರೆ ಇವ್ನು ಮಿಷನ್ ಮುಟ್ಟಲ್ಲ. ರಸ್ತೇಲಿಡಲ್ಲ, ಸೆರಗಲ್ಲಿ ಕಟ್ಕೊಂಡಿರ್ತೀನಿ,” ಎನ್ನುತ್ತಾರೆ.

ಭಯವಾಗಲಿಲ್ಲವೇ ಎಂದೂ ಕೇಳುತ್ತೇನೆ. ಮಾರಕ್ಕ ಒದ್ದೆ ಕಾಲನ್ನು ಚಪ್ಪಲಿಗೆ ತೂರಿಸಿ, ಆಗಲೇ ದಾರ ಸುತ್ತಲು ಶುರುಮಾಡಿದ್ದಾರೆ.

“ಆಯ್ತು ಸಾರ್. ಈಗ್ಲೂ ಎದೆ ಹೊಡ್ಕೊಳ್ತಾನೇ ಇದೆ,” ಎನ್ನುತ್ತಾರೆ. “ಆದ್ರೆ ಇಟ್ಟೋಳು ನಾನಲ್ವಾ. ಅಂಟೋದಾದ್ರೆ ನಂಗೇ ಅಂಟ್ಲಿ. ರಸ್ತೇಲಿ ಹೋಗೋರು ಮನೆ ಸೇರ್ಕೊಳ್ಲಿ.”